ಜುಲೈ ಲೆಕ್ಕ ಯಾಕೆ ಕೂಡಲಿಲ್ಲ: ಜಾಹೀರಾತು ರಿಪೋರ್ಟ್‌ನ ತಾರೀಖಿನ ಫಿಲ್ಟರ್ ಕುರಿತು ಒಂದು ಪ್ರಕರಣ ಅಧ್ಯಯನ

ಆನ್‌ಲೈನ್ ಕೋರ್ಸ್ ಮಾರುವ ಒಂದು ಸಂಸ್ಥೆ. ಜಾಹೀರಾತು ಪೂರ್ತಿ ಗೂಗಲ್ ಆಡ್ಸ್‌ನಲ್ಲಿ. ಪ್ರತಿ ಸೋಮವಾರ ಒಂದು ಸ್ಕ್ರಿಪ್ಟ್ ತಾನಾಗಿಯೇ ಓಡಿ, ಹಿಂದಿನ ವಾರದ ಖರ್ಚು, ಕ್ಲಿಕ್, ಕನ್ವರ್ಷನ್ (ಜಾಹೀರಾತು ಒತ್ತಿದವರು ಮಾಡಿದ ಖರೀದಿ) ಎಳೆದು ಒಂದು ಶೀಟ್‌ಗೆ ತುಂಬುತ್ತಿತ್ತು. ತಿಂಗಳು ಮುಗಿದ ಮೇಲೆ ಮಾರ್ಕೆಟಿಂಗ್‌ನವರು ವಾರಗಳನ್ನು ಕೂಡಿಸಿ ತಿಂಗಳ ಮೊತ್ತ ಕೊಡುತ್ತಿದ್ದರು. ಅಕೌಂಟ್ಸ್‌ನವರ ದಾರಿ ಬೇರೆ. ಅವರು ಗೂಗಲ್ ಆಡ್ಸ್ ಪರದೆ ತೆಗೆದು, ಮೇಲೆ 1ರಿಂದ 31 ಅಂತ ಆರಿಸಿ, ಅಲ್ಲಿ ಕಂಡದ್ದನ್ನು ಬರೆದುಕೊಳ್ಳುತ್ತಿದ್ದರು.

ಒಂದೇ ಖಾತೆ, ಒಂದೇ ತಿಂಗಳು. ಆದರೂ ಶೀಟ್‌ನಲ್ಲಿ ಖರ್ಚು 1,300 ಜಾಸ್ತಿ.

"ನಿಮ್ಮ ಶೀಟ್ ಒಂದು ಹೇಳುತ್ತೆ, ಪರದೆ ಇನ್ನೊಂದು ಹೇಳುತ್ತೆ. ನಾನು ಯಾವುದನ್ನ ಬರ್ಕೊಳ್ಳಲಿ ಮೇಡಂ?" ಎಂದು ಅಕೌಂಟ್ಸ್‌ನವರು ಕೇಳಿದರು. ಮಾರ್ಕೆಟಿಂಗ್ ಮೇಡಂ ಹತ್ತಿರ ಉತ್ತರ ರೆಡಿ ಇತ್ತು: "ಅದು ಇನ್‌ವ್ಯಾಲಿಡ್ ಕ್ಲಿಕ್‌ದು ಸರ್. ಆಮೇಲೆ ಗೂಗಲ್ ವಾಪಸ್ ಕೊಟ್ಟಿರುತ್ತೆ, ಅದಕ್ಕೇ ಪರದೆಯಲ್ಲಿ ಕಮ್ಮಿ."

ನಂಬುವಂಥ ಉತ್ತರವೇ. ನಕಲಿ ಅಂತ ತಡವಾಗಿ ಗೊತ್ತಾದ ಕ್ಲಿಕ್‌ಗಳ ಹಣವನ್ನು ಗೂಗಲ್ ನಿಜಕ್ಕೂ ಹಿಂದಿರುಗಿಸುತ್ತದೆ. ಆದರೆ ಯಾವ ವ್ಯತ್ಯಾಸ ಬಂದರೂ ಇದೊಂದೇ ಕಾರಣ ಹೇಳಿ ಫೈಲ್ ಮುಚ್ಚುವುದು ಈ ಕೆಲಸದಲ್ಲಿ ಬಹಳ ಸಾಮಾನ್ಯ. ನನ್ನನ್ನು ಕರೆದದ್ದು ಆ ಉತ್ತರ ಸರಿಯೇ ಅಂತ ನೋಡಲು. ಸರಿ ಇರಲಿಲ್ಲ. ಹುಡುಕುತ್ತಾ ಹೋದರೆ ತೊಂದರೆ ಒಂದಲ್ಲ, ನಾಲ್ಕು ಸಿಕ್ಕವು. ನಾಲ್ಕೂ ತಾರೀಖಿನವೇ.

ಇಲ್ಲಿ ಅಂಕಿಗಳನ್ನು ದುಂಡು ಮಾಡಿದ್ದೇನೆ. ತಿಂಗಳನ್ನೂ ಬದಲಿಸಿ 2024ರ ಜುಲೈ ಅಂತ ಇಟ್ಟಿದ್ದೇನೆ. ಆ ತಿಂಗಳ 1ನೇ ತಾರೀಖು ಸೋಮವಾರ, ಹಾಗಾಗಿ ವಾರಗಳನ್ನು ಎಣಿಸುವುದು ಸುಲಭ. ನಾಣ್ಯ ಯಾವುದು ಅಂತ ಹೇಳಬೇಕಾದ ಅಗತ್ಯವಿಲ್ಲ.

ಕ್ವೆರಿಯಲ್ಲಿ ಏನಿತ್ತು

ಸ್ಕ್ರಿಪ್ಟ್ ಒಂದು ಗೂಗಲ್ ಆಡ್ಸ್‌ನಿಂದ ನೇರವಾಗಿ ಅಂಕಿ ಕೇಳುವ ದಾರಿಗೆ ಎಪಿಐ ಅನ್ನುತ್ತಾರೆ. ಅದರಲ್ಲಿ ರಿಪೋರ್ಟ್ ಕೇಳುವುದಕ್ಕೆ, ಡೇಟಾಬೇಸ್‌ಗಳಲ್ಲಿ ಬಳಸುವ ಎಸ್‌ಕ್ಯೂಎಲ್ ತರಹದ್ದೇ ಒಂದು ಭಾಷೆ ಇದೆ. ಆ ಭಾಷೆಯಲ್ಲಿ ಬರೆದ ಕೋರಿಕೆಯೇ ಕ್ವೆರಿ. ಸ್ಕ್ರಿಪ್ಟ್‌ನ ಕ್ವೆರಿಯನ್ನು ಬಾಯಲ್ಲಿ ಓದಿದರೆ ಹೀಗೆ:

ಸೆಲೆಕ್ಟ್ ಕ್ಯಾಂಪೇನ್.ನೇಮ್, ಮೆಟ್ರಿಕ್ಸ್.ಕಾಸ್ಟ್_ಮೈಕ್ರೋಸ್, ಮೆಟ್ರಿಕ್ಸ್.ಕ್ಲಿಕ್ಸ್, ಮೆಟ್ರಿಕ್ಸ್.ಕನ್ವರ್ಷನ್ಸ್
ಫ್ರಮ್ ಕ್ಯಾಂಪೇನ್
ವೇರ್ ಸೆಗ್ಮೆಂಟ್ಸ್.ಡೇಟ್ ಡ್ಯೂರಿಂಗ್ ಲಾಸ್ಟ್_7_ಡೇಸ್

ಖರ್ಚು ಮೈಕ್ರೋ ಲೆಕ್ಕದಲ್ಲಿ ಬರುತ್ತದೆ, ಅದನ್ನು 10 ಲಕ್ಷದಿಂದ ಭಾಗಿಸಬೇಕು. ಅದನ್ನು ಇವರು ಸರಿಯಾಗಿಯೇ ಮಾಡಿದ್ದರು. ಕ್ವೆರಿಯಲ್ಲೂ ತಪ್ಪು ಅಂತ ಏನಿಲ್ಲ. ಓಡುತ್ತದೆ, ಉತ್ತರ ಕೊಡುತ್ತದೆ. ತೊಂದರೆ ಇದ್ದದ್ದು ಕೊನೆಯ ಸಾಲಿನಲ್ಲಿ. 'ಲಾಸ್ಟ್ 7 ಡೇಸ್' ಅಂದರೆ ಕ್ವೆರಿ ಓಡಿದ ದಿನವನ್ನು ಬಿಟ್ಟು ಅದರ ಹಿಂದಿನ ಏಳು ದಿನ. ಸೋಮವಾರ ಓಡಿಸಿದರೆ ಹಿಂದಿನ ಸೋಮವಾರದಿಂದ ಭಾನುವಾರದವರೆಗೆ. ಮಂಗಳವಾರ ಓಡಿಸಿದರೆ? ಮಂಗಳವಾರದಿಂದ ಸೋಮವಾರ.

ಜುಲೈ 22ರ ಸೋಮವಾರ ಸರ್ವರ್ ರಿಪೇರಿಯಲ್ಲಿತ್ತು. ಸ್ಕ್ರಿಪ್ಟ್ ಓಡಲಿಲ್ಲ. ಮರುದಿನ 23ಕ್ಕೆ ಯಾರೋ ಅದನ್ನು ಕೈಯಿಂದ ಓಡಿಸಿದರು. ಶೀಟ್ ತುಂಬಿತು, ಎಲ್ಲರಿಗೂ ಸಮಾಧಾನ.

ಈಗ ದಿನಗಳನ್ನು ಜೋಡಿಸಿ ನೋಡಿ. 15ನೇ ತಾರೀಖು ಓಡಿದ್ದು 8ರಿಂದ 14ರವರೆಗೆ ತಂದಿತ್ತು. 23ಕ್ಕೆ ಓಡಿದ್ದು 16ರಿಂದ 22ರವರೆಗೆ ತಂದಿತು. 29ಕ್ಕೆ ಓಡಿದ್ದು 22ರಿಂದ 28ರವರೆಗೆ. ಅಂದರೆ 15ನೇ ತಾರೀಖು ಯಾವ ರಿಪೋರ್ಟ್‌ನಲ್ಲೂ ಇಲ್ಲ. 22ನೇ ತಾರೀಖು ಎರಡು ಕಡೆ ಇದೆ.

ಇದರಲ್ಲಿ ಕಿರಿಕಿರಿ ಏನಂದರೆ, ಎರಡೂ ಸೋಮವಾರಗಳೇ. ಖರ್ಚು ಹೆಚ್ಚುಕಮ್ಮಿ ಒಂದೇ. 15ಕ್ಕೆ 900, 22ಕ್ಕೆ 1,000 ಅಂತಿಟ್ಟುಕೊಳ್ಳಿ. ಒಂದು ಪೂರ್ತಿ ದಿನ ಬಿಟ್ಟುಹೋಗಿದೆ, ಇನ್ನೊಂದು ದಿನ ಎರಡು ಸಲ ಸೇರಿದೆ, ಆದರೆ ಮೊತ್ತದಲ್ಲಿ ಕಾಣುವ ವ್ಯತ್ಯಾಸ ಬರೀ 100. ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕಿದೆ. ಬರೀ ಮೊತ್ತ ನೋಡಿ ಇದನ್ನು ಹಿಡಿಯುವುದು ಯಾರಿಂದಲೂ ಆಗದ ಮಾತು.

ಹಾಗಾದರೆ ಮಿಕ್ಕ 1,200 ಎಲ್ಲಿಂದ ಬಂತು? ಅದು ತಿಂಗಳ ಕೊನೆಯ ವಾರದ್ದು. ಆಗಸ್ಟ್ 5ರಂದು ಓಡಿದ ರಿಪೋರ್ಟ್ ಜುಲೈ 29ರಿಂದ ಆಗಸ್ಟ್ 4ರವರೆಗಿನದು. ಕ್ವೆರಿಯಲ್ಲಿ ತಾರೀಖು ಬರೀ ಫಿಲ್ಟರ್‌ನಲ್ಲಿ, ಅಂದರೆ 'ವೇರ್' ಸಾಲಿನಲ್ಲಿ ಇದೆ; ಏನೇನು ತೋರಿಸಬೇಕು ಅಂತ ಹೇಳುವ ಸೆಲೆಕ್ಟ್‌ನಲ್ಲಿ ಇಲ್ಲ. ಹಾಗಾಗಿ ಏಳೂ ದಿನ ಸೇರಿ ಕ್ಯಾಂಪೇನ್‌ಗೆ ಒಂದೇ ಸಾಲು ಬರುತ್ತದೆ. ಅದರಲ್ಲಿ ಜುಲೈನ ಮೂರು ದಿನದ್ದೆಷ್ಟು ಅಂತ ಶೀಟ್‌ಗೆ ಗೊತ್ತಿಲ್ಲ. ಮಾರ್ಕೆಟಿಂಗ್‌ನವರು ವಾರದ ಮೊತ್ತವನ್ನು ಏಳರಿಂದ ಭಾಗಿಸಿ ಮೂರು ಪಾಲು ಜುಲೈಗೆ ಹಾಕಿದ್ದರು. ವಾರದ ಮೊತ್ತ 9,800. ಮೂರು ಪಾಲು ಅಂದರೆ 4,200. ಆದರೆ ಆಗಸ್ಟ್ 1ಕ್ಕೆ ಹೊಸ ಕೋರ್ಸ್‌ನ ಕ್ಯಾಂಪೇನ್ ಶುರುವಾಗಿತ್ತು, ಅಂದಿನಿಂದ ದಿನಕ್ಕೆ 1,700 ಖರ್ಚು. ಜುಲೈನ ಮೂರು ದಿನ ನಿಜವಾಗಿ ಆದದ್ದು ದಿನಕ್ಕೆ 1,000ದಂತೆ 3,000. ಆಗಸ್ಟ್‌ನ 1,200 ಜುಲೈಗೆ ಬಂದು ಕೂತಿತ್ತು.

1,200ಕ್ಕೆ 100 ಸೇರಿಸಿದರೆ 1,300. ಇನ್‌ವ್ಯಾಲಿಡ್ ಕ್ಲಿಕ್ ಇದರಲ್ಲಿ ಎಲ್ಲೂ ಇಲ್ಲ.

'ಡ್ಯೂರಿಂಗ್' ಜೊತೆ ಬಳಸುವ ಪದಗಳಲ್ಲಿ 'ಲಾಸ್ಟ್_ವೀಕ್_ಮನ್_ಸನ್' ಅಂತ ಒಂದಿದೆ. ಅದನ್ನು ಹಾಕಿದ್ದರೆ ಮಂಗಳವಾರ ಓಡಿಸಲಿ, ಗುರುವಾರ ಓಡಿಸಲಿ, ಹಿಂದಿನ ಸೋಮವಾರದಿಂದ ಭಾನುವಾರದವರೆಗೇ ಬರುತ್ತಿತ್ತು. 'ಲಾಸ್ಟ್_ಮಂತ್' ಕೂಡ ಹಾಗೇ ಗಟ್ಟಿ. 'ಲಾಸ್ಟ್_7_ಡೇಸ್', 'ಲಾಸ್ಟ್_14_ಡೇಸ್', 'ಲಾಸ್ಟ್_30_ಡೇಸ್' ಮಾತ್ರ ದಿನದ ಜೊತೆ ಜಾರುತ್ತಾ ಹೋಗುತ್ತವೆ. ಪರದೆಯ ಮೇಲೆ ಕಣ್ಣಾಡಿಸುವುದಕ್ಕೆ ಅವು ಚೆನ್ನ. ಒಂದರ ಕೆಳಗೊಂದು ಜೋಡಿಸಿ ಕೂಡಿಸುವ ಲೆಕ್ಕಕ್ಕೆ ನನ್ನ ಪ್ರಕಾರ ಅವನ್ನು ಬಳಸಲೇಬಾರದು. ಕ್ವೆರಿಯ ಅಕ್ಷರ ಒಂದೂ ಬದಲಾಗದೆ ಅರ್ಥ ದಿನಾ ಬದಲಾಗುತ್ತದೆ. ಹೋದ ತಿಂಗಳು ಅದು ಏನು ತಂದಿತ್ತು ಅಂತ ಇವತ್ತು ಕ್ವೆರಿ ನೋಡಿ ಹೇಳಲು ಬರುವುದಿಲ್ಲ.

ರಿಪೇರಿ ಮಾಡಿದಾಗ ಹುಟ್ಟಿದ ಎರಡನೇ ತೊಂದರೆ

ಡೆವಲಪರ್ ಚುರುಕು. ಎರಡು ಬದಲಾವಣೆ ಮಾಡಿದರು. ಸೆಗ್ಮೆಂಟ್ಸ್.ಡೇಟ್ ಅನ್ನು ಸೆಲೆಕ್ಟ್‌ಗೂ ಸೇರಿಸಿದರು, ಈಗ ದಿನಕ್ಕೊಂದು ಸಾಲು. ಫಿಲ್ಟರ್‌ನಲ್ಲಿ ನೇರವಾಗಿ ತಾರೀಖು ಬರೆದರು.

ಮೊದಲು ಅವರು ಬರೆದದ್ದು 'ಸೆಗ್ಮೆಂಟ್ಸ್.ಡೇಟ್ >= 2024-07-01' ಅಂತ ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ಎಲ್ಲಾ ಬರಲಿ ಅಂತ. ಎಪಿಐ ಒಪ್ಪಲಿಲ್ಲ. ತಾರೀಖಿಗೆ ಶುರುವೂ ಇರಬೇಕು, ಕೊನೆಯೂ ಇರಬೇಕು, ಬಾಯಿ ತೆರೆದ ವ್ಯಾಪ್ತಿ ಅಲ್ಲಿ ನಡೆಯುವುದಿಲ್ಲ. ಸರಿ, 'ಬಿಟ್ವೀನ್ 2024-07-01 ಆ್ಯಂಡ್ 2024-07-07' ಅಂತ ಬರೆದರು. ಇಲ್ಲಿ ಎರಡೂ ತುದಿಯ ದಿನಗಳು ಸೇರುತ್ತವೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೊತೆಗೆ ಸ್ಕ್ರಿಪ್ಟ್ ಓಡುವ ಹೊತ್ತನ್ನೂ ಹಿಂದಕ್ಕೆ ತಂದರು. ಬೆಳಗಿನ ಮೀಟಿಂಗ್‌ಗೆ ಮೊದಲೇ ಶೀಟ್ ರೆಡಿ ಇರಲಿ ಅಂತ. ಸರ್ವರ್ ಯುಟಿಸಿ ಸಮಯದಲ್ಲಿದೆ, ಅಂದರೆ ಎಲ್ಲಾ ಟೈಮ್‌ಝೋನ್‌ಗಳನ್ನು ಅಳೆಯುವ ಮೂಲ ಸಮಯದಲ್ಲಿ. ಸೋಮವಾರ ಯುಟಿಸಿ ಬೆಳಗಿನ ಜಾವ 2ಕ್ಕೆ ಓಡುವ ಹಾಗೆ ಇಟ್ಟರು. ಕೋಡ್ ತನ್ನ ಗಡಿಯಾರ ನೋಡಿ 'ನಿನ್ನೆ ಭಾನುವಾರ' ಅಂತ ಲೆಕ್ಕ ಹಾಕಿ, ಭಾನುವಾರದವರೆಗೆ ಕೇಳುತ್ತದೆ.

ಆದರೆ ಜಾಹೀರಾತು ಖಾತೆಯ ಟೈಮ್‌ಝೋನ್ ಯುಟಿಸಿಗಿಂತ 7 ಗಂಟೆ ಹಿಂದೆ. ಸರ್ವರ್‌ಗೆ ಸೋಮವಾರ ಬೆಳಗಿನ ಜಾವ 2 ಗಂಟೆ ಆದಾಗ ಖಾತೆಯಲ್ಲಿ ಇನ್ನೂ ಭಾನುವಾರ ಸಂಜೆ 7. ದಿನ ಮುಗಿಯಲು ಐದು ಗಂಟೆ ಬಾಕಿ. ರಿಪೋರ್ಟ್‌ನಲ್ಲಿ ತಾರೀಖು ಅಂದರೆ ಯಾವಾಗಲೂ ಖಾತೆಯ ಟೈಮ್‌ಝೋನ್‌ನ ತಾರೀಖು. ನಿಮ್ಮ ಸರ್ವರ್ ಎಲ್ಲಿದೆ, ನೀವು ಎಲ್ಲಿ ಕೂತಿದ್ದೀರಿ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕ್ವೆರಿಗೆ ಭಾನುವಾರ ಸಂಜೆ 7ರವರೆಗೆ ಆದದ್ದಷ್ಟೇ ಬಂತು. ಅದರಲ್ಲೂ ಕೊನೆಯ ಕೆಲವು ಗಂಟೆಗಳ ಅಂಕಿ ಪೂರ್ತಿ ಬಂದಿರುವುದಿಲ್ಲ, ಯಾಕೆಂದರೆ ಕ್ಲಿಕ್ ಆದದ್ದು ರಿಪೋರ್ಟ್‌ನಲ್ಲಿ ಕಾಣಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಮುಂದಿನ ವಾರ ಸ್ಕ್ರಿಪ್ಟ್ ಸೋಮವಾರದಿಂದ ಶುರುಮಾಡುತ್ತದೆ. ಭಾನುವಾರದ ಬಾಕಿ ಐದು ಗಂಟೆ ಯಾರ ಕೈಗೂ ಸಿಗದೆ ಹೋಯಿತು.

ಕೋರ್ಸ್ ಹುಡುಕುವವರು ಜಾಸ್ತಿ ಬರುವುದೇ ಭಾನುವಾರ ರಾತ್ರಿ. ಹಾಗಾಗಿ ಪೆಟ್ಟು ಸಣ್ಣದಾಗಿರಲಿಲ್ಲ. ಮೀಟಿಂಗ್‌ನಲ್ಲಿ 'ಭಾನುವಾರ ನಮಗೆ ಡಲ್' ಅನ್ನುವ ಮಾತು ಹುಟ್ಟಿಕೊಂಡಿತು. ಭಾನುವಾರದ ಬಜೆಟ್ ಕಡಿಮೆ ಮಾಡೋಣ ಅನ್ನುವವರೆಗೂ ಹೋಗಿತ್ತು. ಖರ್ಚಿನ ಕಾಲಂ ಕೂಡ ಅಷ್ಟೇ ಕಡಿಮೆ ತೋರಿಸುತ್ತಿದೆಯಲ್ಲ, ಅದು ಯಾಕೆ ಅಂತ ಯಾರೂ ಕೇಳಲಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಖಾತೆಯ ಟೈಮ್‌ಝೋನ್ ಯಾವುದು ಅಂತ ಎಪಿಐ ಅನ್ನೇ ಕೇಳಬಹುದು, ಕಸ್ಟಮರ್.ಟೈಮ್_ಝೋನ್ ಅನ್ನುವ ಫೀಲ್ಡ್‌ನಲ್ಲಿ ಸಿಗುತ್ತದೆ. 'ನಿನ್ನೆ' ಅನ್ನುವುದನ್ನು ಆ ಟೈಮ್‌ಝೋನ್‌ನಲ್ಲಿ ಲೆಕ್ಕ ಹಾಕಬೇಕು, ಅಷ್ಟೇ. ಆ ಹೊತ್ತಿಗೆ ಖಾತೆಯ 'ನಿನ್ನೆ' ಶನಿವಾರ ಅಂತ ಬಂದರೆ ಶನಿವಾರದವರೆಗೆ ಮಾತ್ರ ಕೇಳಬೇಕು. ಅರ್ಧ ದಿನದ ಅಂಕಿಯನ್ನು ಪೂರ್ತಿ ದಿನದ ಪಕ್ಕ ಇಡುವುದಕ್ಕಿಂತ ಒಂದು ದಿನ ತಡವಾಗುವುದು ವಾಸಿ.

ಖರ್ಚು ಕೂಡಿತು, ಕನ್ವರ್ಷನ್ ಕೂಡಲಿಲ್ಲ

ಇಷ್ಟಾದ ಮೇಲೆ ಜುಲೈಯನ್ನು ಮತ್ತೆ ಎಳೆದರು. ದಿನಕ್ಕೊಂದು ಸಾಲು, 1ರಿಂದ 31. ಖರ್ಚು ಪರದೆಯ ಜೊತೆ ಸರಿಯಾಗಿ ಕೂತಿತು. ಕ್ಲಿಕ್ ಕೂಡ. ಕನ್ವರ್ಷನ್ ಮಾತ್ರ ಬೇರೆ. ಆಗಸ್ಟ್ ಮೊದಲ ವಾರ ಬರೆದಿಟ್ಟುಕೊಂಡದ್ದು 200. ಸೆಪ್ಟೆಂಬರ್‌ನಲ್ಲಿ ಅದೇ ಕ್ವೆರಿ, ಅದೇ ತಾರೀಖು, 236 ಅನ್ನುತ್ತಿದೆ.

ಮುಗಿದುಹೋದ ತಿಂಗಳು ಬೆಳೆಯುವುದು ಹೇಗೆ? ಅಕೌಂಟ್ಸ್‌ನವರಿಗೆ ಇದು ಅಸಂಬದ್ಧ ಅನ್ನಿಸಿದ್ದು ಸಹಜ. ಅವರ ಪುಸ್ತಕದಲ್ಲಿ ಹಾಗಾದರೆ ಆಡಿಟರ್ ಬಿಡುವುದಿಲ್ಲ.

ವಿಷಯ ಇಷ್ಟು. ಗೂಗಲ್ ಆಡ್ಸ್‌ನ ಸಾಮಾನ್ಯ ಕನ್ವರ್ಷನ್ ಕಾಲಂ ಖರೀದಿಯನ್ನು ಖರೀದಿಯಾದ ದಿನಕ್ಕೆ ಬರೆಯುವುದಿಲ್ಲ, ಕ್ಲಿಕ್ ಆದ ದಿನಕ್ಕೆ ಬರೆಯುತ್ತದೆ. ಒಬ್ಬರು ಜುಲೈ 28ಕ್ಕೆ ಜಾಹೀರಾತು ಒತ್ತಿ ಕೋರ್ಸ್ ನೋಡುತ್ತಾರೆ. ಮನೆಯಲ್ಲಿ ಕೇಳಿ, ಯೋಚಿಸಿ, ಆಗಸ್ಟ್ 9ಕ್ಕೆ ದುಡ್ಡು ಕಟ್ಟುತ್ತಾರೆ. ಆ ಕನ್ವರ್ಷನ್ ಆಗಸ್ಟ್ 9ಕ್ಕೆ ಬರುವುದಿಲ್ಲ, ಜುಲೈ 28ರ ಸಾಲಿಗೆ ಹೋಗಿ ಸೇರುತ್ತದೆ. ಕ್ಲಿಕ್ ಆದ ಮೇಲೆ ಎಷ್ಟು ದಿನದವರೆಗಿನ ಖರೀದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವುದು ಕನ್ವರ್ಷನ್ ವಿಂಡೋ. ಏನೂ ಬದಲಿಸದಿದ್ದರೆ 30 ದಿನ. ಬೇಕಾದರೆ 90 ದಿನದವರೆಗೂ ಇಟ್ಟುಕೊಳ್ಳಬಹುದು. ಇವರದು 30. ಅಂದರೆ ಜುಲೈ 31ರ ಸಾಲು ಆಗಸ್ಟ್ 30ರವರೆಗೂ ಬದಲಾಗುತ್ತಲೇ ಇರಬಹುದು.

ಯೋಚಿಸಿ ನೋಡಿದರೆ ಇದರಲ್ಲಿ ನ್ಯಾಯವಿದೆ. ಹಣ ಖರ್ಚಾದದ್ದು ಕ್ಲಿಕ್ ಆದ ದಿನ. ಆ ಖರ್ಚು ಏನು ತಂದಿತು ಅಂತ ತಿಳಿಯಬೇಕಾದರೆ ಫಲವನ್ನೂ ಅದೇ ದಿನಕ್ಕೆ ಬರೆಯಬೇಕು. ಆದರೆ ಇದರ ಒಂದು ಪರಿಣಾಮವನ್ನು ಬಹಳ ಜನ ಗಮನಿಸುವುದಿಲ್ಲ. ಹೊಸ ದಿನಗಳು ಯಾವಾಗಲೂ ಕಳಪೆಯಾಗಿ ಕಾಣುತ್ತವೆ. ಹೋದ ವಾರದ ಖರ್ಚು ಪೂರ್ತಿ ಬಂದಿದೆ, ಕನ್ವರ್ಷನ್ ಅರ್ಧಂಬರ್ಧ ಬಂದಿದೆ. ಹಾಗಾಗಿ ಒಂದು ಕನ್ವರ್ಷನ್‌ಗೆ ಎಷ್ಟು ಖರ್ಚು ಅಂತ ಭಾಗಿಸಿದರೆ ಹೋದ ವಾರದ್ದು ದುಬಾರಿ, ಎರಡು ತಿಂಗಳ ಹಿಂದಿನದು ಅಗ್ಗ. ಪ್ರತಿ ವಾರವೂ ಹೀಗೇ. ನಾಲ್ಕು ವಾರದ ಕನ್ವರ್ಷನ್‌ಗಳನ್ನು ಪಕ್ಕಪಕ್ಕ ಇಟ್ಟು ಗ್ರಾಫ್ ಹಾಕಿದರೆ, ಏನೂ ಕೆಡದಿದ್ದರೂ ಗೆರೆ ಇಳಿಯುತ್ತಲೇ ಇರುತ್ತದೆ.

ಇಲ್ಲಿ ಅದರ ಬೆಲೆ ತೆತ್ತದ್ದೂ ಆಗಿತ್ತು. ಜುಲೈ 15ರ ಮೀಟಿಂಗ್‌ನಲ್ಲಿ 8ರಿಂದ 14ರ ವಾರದ ಅಂಕಿ ನೋಡಿ, ಒಂದು ಕ್ಯಾಂಪೇನ್ 'ದುಬಾರಿಯಾಗ್ತಿದೆ' ಅಂತ ನಿಲ್ಲಿಸಿದ್ದರು. ಅದು ದೊಡ್ಡ ಕೋರ್ಸ್‌ನದು. ಬೆಲೆ ಹೆಚ್ಚು, ಜನ ಯೋಚಿಸುವುದೂ ಹೆಚ್ಚು ದಿನ. ಸೆಪ್ಟೆಂಬರ್‌ನಲ್ಲಿ ಅದೇ ವಾರವನ್ನು ಮತ್ತೆ ಎಳೆದಾಗ ಆ ಕ್ಯಾಂಪೇನ್ ಮಿಕ್ಕವುಗಳ ಸಮಕ್ಕೇ ಬಂದಿತ್ತು. ನಿಲ್ಲಿಸುವ ಕಾರಣವೇ ಇರಲಿಲ್ಲ.

ಅದನ್ನು ಯಾವ ಹೊತ್ತಿಗೆ ನಿಲ್ಲಿಸಿದರು ಅಂತ ಎಪಿಐಯಲ್ಲಿ ನೋಡೋಣ ಅಂದರೆ ಆಗಲಿಲ್ಲ. ಬದಲಾವಣೆಗಳ ದಾಖಲೆ ಕೊಡುವ ಚೇಂಜ್_ಇವೆಂಟ್‌ನಲ್ಲಿ ಹಿಂದಿನ 30 ದಿನದ ಒಳಗಿನ ತಾರೀಖು ಮಾತ್ರ ಕೇಳಬಹುದು. ಒಂದೊಂದು ಕ್ಲಿಕ್‌ನ ವಿವರ ಕೊಡುವ ಕ್ಲಿಕ್_ವ್ಯೂ ಇನ್ನೂ ಬಿಗಿ. ಒಂದು ಕ್ವೆರಿಗೆ ಒಂದೇ ದಿನ, ಅದೂ ಹಿಂದಿನ 90 ದಿನದ ಒಳಗಿನದು. ಕ್ಯಾಂಪೇನ್ ರಿಪೋರ್ಟ್‌ನಲ್ಲಿ ವರ್ಷಗಟ್ಟಲೆ ಹಿಂದಕ್ಕೆ ಹೋಗಬಹುದು ಅಂತ ಎಲ್ಲದರಲ್ಲೂ ಹೋಗಬಹುದು ಅಂದುಕೊಳ್ಳಬಾರದು. ತನಿಖೆ ಮಾಡುವುದಿದ್ದರೆ ಬೇಗ ಮಾಡಬೇಕು.

ಮಾರಾಟದ ಕಡೆಯೂ ಒಂದು ದಿನ ಮಾಯ

ಇಷ್ಟು ಹೊತ್ತಿಗೆ ಅಕೌಂಟ್ಸ್‌ನವರಿಗೆ ಸ್ವಲ್ಪ ಹುರುಪು ಬಂದಿತ್ತು. "ಜಾಹೀರಾತಿನ ಲೆಕ್ಕ ಬಿಡಿ, ಮಾರಾಟದ ನಮ್ಮ ಡೇಟಾಬೇಸ್ ಇದೆಯಲ್ಲ, ಅದನ್ನೇ ನಂಬೋಣ" ಎಂದರು. ಸರಿ, ಅದನ್ನೂ ನೋಡೋಣ ಅಂತ ಕೂತೆವು.

ಜಾಹೀರಾತಿನಿಂದ ಬಂದ ಜುಲೈ ಖರೀದಿಗಳನ್ನು ಎಣಿಸುವ ಅವರ ಕ್ವೆರಿಯಲ್ಲೂ 'ಬಿಟ್ವೀನ್ 2024-07-01 ಆ್ಯಂಡ್ 2024-07-31' ಅಂತಲೇ ಇತ್ತು. ಪದಗಳು ಗೂಗಲ್ ಆಡ್ಸ್ ಕ್ವೆರಿಯ ಹಾಗೇ. ಆದರೆ ಇಲ್ಲಿ ಕಾಲಂ ಬರೀ ತಾರೀಖಲ್ಲ, ತಾರೀಖು ಮತ್ತು ಹೊತ್ತು ಎರಡೂ ಇರುವ ಟೈಮ್‌ಸ್ಟ್ಯಾಂಪ್. ಹೊತ್ತು ಹೇಳದೆ '2024-07-31' ಅಂತ ಬರೆದರೆ ಡೇಟಾಬೇಸ್ ಅದನ್ನು 31ನೇ ತಾರೀಖು ಮಧ್ಯರಾತ್ರಿ 00:00 ಅಂತ ಓದುತ್ತದೆ. ಆಮೇಲೆ ಆದ ಖರೀದಿಗಳೆಲ್ಲ ಆಚೆಗೇ ಉಳಿದವು. ಅಂದರೆ 31 ಪೂರ್ತಿ ಇಲ್ಲ. ಗೂಗಲ್ ಆಡ್ಸ್‌ನಲ್ಲಿ ಅದೇ 'ಬಿಟ್ವೀನ್' 31ನ್ನು ಸೇರಿಸಿಕೊಳ್ಳುತ್ತದೆ, ಯಾಕೆಂದರೆ ಅಲ್ಲಿ ಸೆಗ್ಮೆಂಟ್ಸ್.ಡೇಟ್‌ಗೆ ಹೊತ್ತು ಅನ್ನುವುದೇ ಇಲ್ಲ.

ಟೈಮ್‌ಸ್ಟ್ಯಾಂಪ್ ಇರುವ ಕಡೆ '1ನೇ ತಾರೀಖಿನಿಂದ, ಮುಂದಿನ ತಿಂಗಳ 1ಕ್ಕಿಂತ ಕಡಿಮೆ' ಅಂತ ಬರೆಯುವುದೇ ಕ್ಷೇಮ. 31ರ ರಾತ್ರಿ 23:59:59 ಅಂತ ಬರೆಯುವವರಿದ್ದಾರೆ. ಕೆಲಸ ನಡೆಯುತ್ತದೆ, ಆದರೆ ಕೊನೆಯ ಸೆಕೆಂಡಿನ ಒಳಗೆ ಆದ ಒಂದು ಖರೀದಿ ಎಂದೋ ಒಂದು ದಿನ ಜಾರುತ್ತದೆ. ಸುಮ್ನೆ ಯಾಕೆ ಆ ತಲೆನೋವು.

ಇದನ್ನು ಸರಿಮಾಡಿದ ಮೇಲೂ ಮಾರಾಟದ ಸಂಖ್ಯೆ 236 ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಡೇಟಾಬೇಸ್ ಖರೀದಿಯ ದಿನ ಹಿಡಿದು ಎಣಿಸುತ್ತದೆ, ಗೂಗಲ್ ಆಡ್ಸ್ ಕ್ಲಿಕ್‌ನ ದಿನ ಹಿಡಿದು. ಎರಡನ್ನೂ ಹೋಲಿಸಲೇಬೇಕು ಅಂದರೆ ಗೂಗಲ್ ಆಡ್ಸ್‌ನಲ್ಲಿ ಬೇರೆ ಒಂದು ಮೆಟ್ರಿಕ್ ಇದೆ: ಕನ್ವರ್ಷನ್ಸ್_ಬೈ_ಕನ್ವರ್ಷನ್_ಡೇಟ್. ಅದು ಖರೀದಿಯಾದ ದಿನಕ್ಕೇ ಬರೆಯುತ್ತದೆ. ಮಾರಾಟದ ಜೊತೆ ತಾಳೆ ನೋಡಲು ಅದು. ಕ್ಯಾಂಪೇನ್ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನಿಸಲು ಹಳೆಯ ಕಾಲಂ. ಎರಡನ್ನೂ ಶೀಟ್‌ನಲ್ಲಿ ಪಕ್ಕಪಕ್ಕ ಇಟ್ಟು, ಮೇಲೆ 'ಕ್ಲಿಕ್ ದಿನದ ಪ್ರಕಾರ', 'ಖರೀದಿ ದಿನದ ಪ್ರಕಾರ' ಅಂತ ಬರೆದೆವು. ಇದೊಂದು ಮಾಡಿದ್ದಕ್ಕೇ ಮೀಟಿಂಗ್‌ನಲ್ಲಿ ಅರ್ಧ ಜಗಳ ಕಡಿಮೆಯಾಯಿತು.

ಈಗ ಹೇಗೆ ನಡೆಯುತ್ತಿದೆ

ವಾರದ ಶೀಟ್ ಹೋಯಿತು. ದಿನದ ಒಂದು ಟೇಬಲ್ ಬಂತು. ಒಂದು ಕ್ಯಾಂಪೇನ್, ಒಂದು ತಾರೀಖು, ಒಂದು ಸಾಲು. ವಾರ, ತಿಂಗಳು ಏನೇ ಬೇಕಾದರೂ ಅದರಿಂದಲೇ ಕೂಡಿಸಬೇಕು. ವಾರವನ್ನು ಎಪಿಐನಿಂದ ನೇರವಾಗಿ ಕೇಳುವ ದಾರಿಯೂ ಇದೆ, ಸೆಗ್ಮೆಂಟ್ಸ್.ವೀಕ್ ಅಂತ. ಆದರೆ ಜುಲೈ 1ರಿಂದ 31ಕ್ಕೆ ಫಿಲ್ಟರ್ ಹಾಕಿ ವಾರ ಕೇಳಿದರೆ, ಕೊನೆಯ ವಾರದ ಸಾಲಿಗೆ ಜುಲೈ 29 ಅಂತ ಹೆಸರು ಇರುತ್ತದೆ, ಒಳಗೆ ಮೂರೇ ದಿನದ ಅಂಕಿ. ನೋಡಿದವರು ವಾರ ಬಿದ್ದೇಹೋಯಿತು ಅಂತ ಗಾಬರಿಯಾಗುತ್ತಾರೆ.

ಟೇಬಲ್ ತುಂಬುವ ಸ್ಕ್ರಿಪ್ಟ್ ದಿನಾ ಓಡುತ್ತದೆ, ಆದರೆ ನಿನ್ನೆಯದನ್ನು ಮಾತ್ರ ತರುವುದಿಲ್ಲ. ಖಾತೆಯ 'ನಿನ್ನೆ'ಯಿಂದ ಹಿಂದಕ್ಕೆ 35 ದಿನ ಎಳೆಯುತ್ತದೆ. ವಿಂಡೋ 30 ದಿನ, ಮೇಲೆ ಸ್ವಲ್ಪ ಹೆಚ್ಚಿಗೆ. ಎಳೆದದ್ದನ್ನು ಟೇಬಲ್‌ನ ಕೊನೆಗೆ ಅಂಟಿಸುವುದಿಲ್ಲ. ಆ 35 ದಿನದ ಹಳೆಯ ಸಾಲುಗಳನ್ನು ಅಳಿಸಿ ಹೊಸದನ್ನು ಹಾಕುತ್ತದೆ. ಹೀಗಾಗಿ ಸ್ಕ್ರಿಪ್ಟ್ ಒಂದು ದಿನ ಓಡದಿದ್ದರೂ ಪರವಾಗಿಲ್ಲ, ಒಂದೇ ದಿನ ಎರಡು ಸಲ ಓಡಿದರೂ ಪರವಾಗಿಲ್ಲ. ಜುಲೈ 22ರಂಥ ಸೋಮವಾರ ಮತ್ತೆ ಬಂದರೆ ಮರುದಿನದ ಓಟವೇ ಅದನ್ನು ಸರಿಮಾಡಿಕೊಳ್ಳುತ್ತದೆ. ಕನ್ವರ್ಷನ್ ವಿಂಡೋವನ್ನು ಯಾರಾದರೂ 90ಕ್ಕೆ ಏರಿಸಿದರೆ ಈ 35 ಅನ್ನೂ ಏರಿಸಬೇಕು. ಅದನ್ನು ಕೋಡ್‌ನಲ್ಲೇ, ಸಂಖ್ಯೆಯ ಪಕ್ಕದಲ್ಲೇ, ಬರೆದಿಟ್ಟಿದ್ದಾರೆ.

ಪ್ರತಿ ಸಾಲಿಗೂ ಇನ್ನೊಂದು ಕಾಲಂ ಇದೆ: ಎಳೆದ ದಿನ. ಅಕೌಂಟ್ಸ್‌ನವರಿಗೆ ಬದಲಾಗದ ಅಂಕಿ ಬೇಕು, ಮಾರ್ಕೆಟಿಂಗ್‌ನವರಿಗೆ ಬದಲಾಗುತ್ತಿರುವ ನಿಜವಾದ ಅಂಕಿ ಬೇಕು. ಇಬ್ಬರನ್ನೂ ಒಂದೇ ಸಂಖ್ಯೆಗೆ ಒಪ್ಪಿಸುವ ಪ್ರಯತ್ನ ಬಿಟ್ಟೆವು. ತಿಂಗಳು ಮುಗಿದ ಮೇಲೆ ಒಂದು ಗೊತ್ತಾದ ದಿನ ಟೇಬಲ್‌ನ ಪ್ರತಿ ತೆಗೆದಿಡುತ್ತಾರೆ, ಅದು ಅಕೌಂಟ್ಸ್‌ಗೆ. ಆಮೇಲೆ ಬಂದ ವ್ಯತ್ಯಾಸ ಮುಂದಿನ ತಿಂಗಳಲ್ಲಿ ಹೊಂದಾಣಿಕೆ ಅಂತ ಹೋಗುತ್ತದೆ. ನಕಲಿ ಕ್ಲಿಕ್‌ನ ಹಣ ವಾಪಸ್ ಬಂದರೂ ಅಲ್ಲೇ.

ಒಂದು ಸಣ್ಣ ವಿಷಯ ಮೊದಲ ವಾರದಲ್ಲೇ ಎದುರಾಯಿತು. ದಿನದ ಲೆಕ್ಕದಲ್ಲಿ ಎಳೆದಾಗ, ಏನೂ ನಡೆಯದ ದಿನಕ್ಕೆ ಸೊನ್ನೆ ಅಂತ ಸಾಲು ಬರುವುದಿಲ್ಲ. ಸಾಲೇ ಬರುವುದಿಲ್ಲ. ನಿಲ್ಲಿಸಿದ ಆ ಕ್ಯಾಂಪೇನ್‌ಗೆ ಜುಲೈಯಲ್ಲಿ ಸಿಕ್ಕಿದ್ದು 15 ಸಾಲು. ಶೀಟ್‌ನ ಸರಾಸರಿ ಸೂತ್ರ ಮೊತ್ತವನ್ನು 15ರಿಂದ ಭಾಗಿಸಿ ದಿನಕ್ಕೆ ಇಷ್ಟು ಖರ್ಚು ಅಂದಿತು, ಆದರೆ ತಿಂಗಳಿಗೆ 31 ದಿನ. ಈಗ ಕ್ಯಾಲೆಂಡರ್‌ನ ಎಲ್ಲಾ ದಿನಗಳ ಒಂದು ಪಟ್ಟಿ ಇಟ್ಟು, ಇಲ್ಲದ ಕಡೆ ಸೊನ್ನೆ ತುಂಬಿಕೊಳ್ಳುತ್ತಾರೆ.

ವಾರದ ಮೀಟಿಂಗ್‌ನ ಗ್ರಾಫ್‌ನಲ್ಲಿ ಕೊನೆಯ 30 ದಿನದ ಕನ್ವರ್ಷನ್ ತಿಳಿ ಬಣ್ಣದಲ್ಲಿ ಬರುತ್ತದೆ, ಇನ್ನೂ ಹಣ್ಣಾಗಿಲ್ಲ ಅನ್ನುವ ಗುರುತಿಗೆ. ಮಾರ್ಕೆಟಿಂಗ್ ಮೇಡಂ ಇನ್ನೊಂದು ಹೆಜ್ಜೆ ಮುಂದೆ ಹೋದರು. ಈ ವಾರವನ್ನು ಹಳೆಯ ವಾರದ ಈಗಿನ ಅಂಕಿಯ ಜೊತೆ ಹೋಲಿಸುವುದು ಬೇಡ, ಹಳೆಯ ವಾರ ಇಷ್ಟೇ ಎಳೆಯದಾಗಿದ್ದಾಗ ಎಷ್ಟಿತ್ತೋ ಅದರ ಜೊತೆ ಹೋಲಿಸೋಣ ಎಂದರು. ಒಳ್ಳೆಯ ಯೋಚನೆ, ನನಗಂತೂ ಹೊಳೆದಿರಲಿಲ್ಲ. ಹಳೆಯ ಸಾಲು ಅಳಿಸುವ ಮೊದಲು ಅದರ ಪ್ರತಿ ಇಟ್ಟುಕೊಂಡರೆ ಸಾಕು, ಎಳೆದ ದಿನದ ಕಾಲಂ ಹೇಗೂ ಇದೆ.

ಉಳಿದದ್ದು ಒಂದೇ. ಮಾರಾಟದ ಡೇಟಾಬೇಸ್ ಯುಟಿಸಿಯಲ್ಲಿ, ಖಾತೆ 7 ಗಂಟೆ ಹಿಂದೆ. ತಿಂಗಳ ಅಂಚಿನಲ್ಲಿ ಆ ಏಳು ಗಂಟೆಯ ಖರೀದಿಗಳು ಒಂದು ಕಡೆ ಜುಲೈ, ಇನ್ನೊಂದು ಕಡೆ ಆಗಸ್ಟ್. ಜಾಹೀರಾತಿನ ಅಂಕಿಯನ್ನು ಗಂಟೆಯ ಲೆಕ್ಕದಲ್ಲಿ ಎಳೆದು ಯುಟಿಸಿಗೆ ಸರಿಸೋಣ ಅಂತ ಡೆವಲಪರ್ ಹೊರಟಿದ್ದರು. ಸೆಗ್ಮೆಂಟ್ಸ್.ಅವರ್ ಇದೆ, 0ಯಿಂದ 23. ಆಗುವ ಕೆಲಸವೇ, ಆದರೆ ಸಾಲುಗಳು ಎಷ್ಟೋ ಪಟ್ಟು ಹೆಚ್ಚಾಗುತ್ತವೆ. ಅರ್ಧ ಗಂಟೆಯ ಅಂತರ ಇರುವ ಟೈಮ್‌ಝೋನ್‌ನ ಖಾತೆ ನಾಳೆ ಸೇರಿದರೆ ಈ ದಾರಿ ಅಲ್ಲಿಗೆ ಮುಗಿಯಿತು. ಟೈಮ್‌ಸ್ಟ್ಯಾಂಪ್ ಇರುವುದು ಮಾರಾಟದ ಕಡೆ, ಅದನ್ನು ಯಾವ ಟೈಮ್‌ಝೋನ್‌ಗೆ ಬೇಕಾದರೂ ನಿಖರವಾಗಿ ಬದಲಿಸಬಹುದು. ಹಾಗಾಗಿ ಮಾರಾಟವನ್ನೇ ಖಾತೆಯ ಟೈಮ್‌ಝೋನ್‌ಗೆ ತಂದು, ಆಮೇಲೆ ಹೊತ್ತನ್ನು ಬಿಟ್ಟು ತಾರೀಖು ಮಾತ್ರ ತೆಗೆದುಕೊಂಡು, ಆಮೇಲೆ ತಿಂಗಳಿಗೆ ಹಾಕುತ್ತಾರೆ. ಜುಲೈಯನ್ನು ಹಾಗೆ ಮತ್ತೊಮ್ಮೆ ಓಡಿಸಿದಾಗ ಖರೀದಿ ದಿನದ ಕಾಲಂಗೂ ಮಾರಾಟಕ್ಕೂ ಎರಡು ಖರೀದಿಯ ಅಂತರ ಉಳಿಯಿತು. ಎರಡೂ ರದ್ದಾದ ಆರ್ಡರ್‌ಗಳು.